ಒಂದು ಪುಸ್ತಕ, ನೂರು ಊರು

ಬೆಂಗಳೂರಿನಲ್ಲಿ ಕಂಪ್ಯೂಟರ್ ನೌಕರಿಯಲ್ಲಿರುವ ನನ್ನ ಅಕ್ಕನ ಮಗನ ಮನೆಗೆ ಕಳೆದ ವರ್ಷ ಹೋಗಿದ್ದೆ. ಭಾನುವಾರ ಸಂಜೆ ಅವನ ಗೆಳೆಯರು ಐದಾರು ಮಂದಿ ಬಂದು ಊಟದ ಮೇಜಿನ ಸುತ್ತ ಕುಳಿತರು. ಇಸ್ಪೀಟಿನ ಆಟವಿರಬೇಕು ಎಂದುಕೊಂಡೆ. ಆದರೆ ಎಲೆಗಳು ಕಾಣಲಿಲ್ಲ. ಇಪ್ಪತ್ತು ಮುಖದ ವಿಚಿತ್ರ ದಾಳಗಳು, ಪೆನ್ಸಿಲ್ಲು, ಪ್ರತಿಯೊಬ್ಬರ ಮುಂದೆ ಒಂದೊಂದು ಹಾಳೆ. ಒಬ್ಬ ಹುಡುಗ ಮಾತ್ರ ಅಚ್ಚಾದ ಕೆಲವು ಪುಟಗಳನ್ನು ಉಳಿದವರಿಗೆ ಕಾಣದಂತೆ ಮರೆಮಾಡಿಕೊಂಡು, ಕೋಟೆಯ ಬಾಗಿಲು ಹೇಗಿದೆ, ಕಾವಲುಗಾರ ಏನೆನ್ನುತ್ತಿದ್ದಾನೆ ಎಂದು ವರ್ಣಿಸುತ್ತಿದ್ದ. ಉಳಿದವರು ತಮ್ಮ ಪಾತ್ರದ ದನಿಯಲ್ಲಿ ಉತ್ತರ ಕೊಡುತ್ತಿದ್ದರು. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ.

"ಮಾಮು, ಇದು ರೋಲ್ ಪ್ಲೇಯಿಂಗ್ ಗೇಮ್. ಈ ಪುಟಗಳಲ್ಲಿರೋ ಕಥೆಯನ್ನೇ ಬೇರೆ ಬೇರೆ ದೇಶಗಳಲ್ಲಿ ಎಷ್ಟೋ ಮೇಜುಗಳಲ್ಲಿ ಆಡ್ತಾರೆ" ಎಂದ ಭಾಂಜಾ. ಆಟ ಮುಗಿದ ಮೇಲೆ ಆ ಪುಟಗಳನ್ನು ಕೈಗೆ ತೆಗೆದುಕೊಂಡು ನೋಡಿದೆ. ಪಾತ್ರಗಳ ಪಟ್ಟಿ, ಸ್ಥಳಗಳ ವಿವರ, ಯಾವ ಘಟ್ಟದಲ್ಲಿ ಏನಾಗಬೇಕು, ಆಡಿಸುವವನಿಗೆ ಸೂಚನೆಗಳು. "ಇದು ನಮ್ಮ ಕಡೆಯ ಆಟದ ಪುಸ್ತಕವಲ್ಲವೇನೋ ಬೇಟಾ?" ಎಂದೆ. ಹುಡುಗರು ನಕ್ಕರು. ಅವರಿಗೆ ಅಂದು ವಿವರಿಸಿ ಹೇಳಲಾಗದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗರ ಆಟದ ಚರಿತ್ರೆ ಬಹಳ ಹಳೆಯದಲ್ಲ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅದರ ಮೂಲ. 1980ರಲ್ಲಿ ಆಟಗಾರರದ್ದೇ ಒಂದು ಸಂಘ ಹುಟ್ಟಿತು. ಒಂದೇ ಕಥೆಯನ್ನು ಅಚ್ಚು ಮಾಡಿಸಿ ಎಲ್ಲ ಊರುಗಳಿಗೂ ಕಳುಹಿಸುವುದು, ನಾಲ್ಕು ಗಂಟೆಯ ಒಂದು ಕೂಟದಲ್ಲಿ ಅದನ್ನು ಆಡಿ ಮುಗಿಸುವುದು, ಆಟಗಾರ ತನ್ನ ಪಾತ್ರದ ಹಾಳೆಯನ್ನು ಹಿಡಿದುಕೊಂಡು ಯಾವ ಊರಿನ ಮೇಜಿಗಾದರೂ ಹೋಗಿ ಕೂರುವುದು ಎಂಬ ಪದ್ಧತಿ ಬೆಳೆಯಿತು. 2000ದಿಂದ 2008ರವರೆಗೆ ನಡೆದ 'ಲಿವಿಂಗ್ ಗ್ರೇಹಾಕ್' ಎಂಬ ಆಟದ ಸರಣಿಯಲ್ಲಿ ಒಂದು ಕಲ್ಪನೆಯ ಖಂಡವನ್ನು ಮೂವತ್ತಕ್ಕೂ ಹೆಚ್ಚು ಸೀಮೆಗಳಾಗಿ ಹಂಚಿ, ಒಂದೊಂದನ್ನು ಲೋಕದ ಒಂದೊಂದು ನಿಜವಾದ ಪ್ರದೇಶಕ್ಕೆ ಕೊಟ್ಟಿದ್ದರು. ಆಯಾ ಸೀಮೆಯ ಕಥೆಗಳನ್ನು ಅಲ್ಲಿನ ಆಟಗಾರರೇ ಬಿಡುವಿನ ವೇಳೆಯಲ್ಲಿ ಬರೆಯುತ್ತಿದ್ದರು. ಆ ಕಥೆಗಳನ್ನು ಆ ಪ್ರದೇಶದಲ್ಲಿಯೇ ಆಡಬೇಕಿತ್ತು.

ಓದುವುದಕ್ಕಲ್ಲ, ಆಡುವುದಕ್ಕೆಂದೇ ಅಚ್ಚಾಗುವ ಪುಸ್ತಕ. ಕಾಣದ ಊರುಗಳ ಅಪರಿಚಿತರು ಅದಕ್ಕೆ ಜೀವ ಕೊಡುತ್ತಾರೆಂಬ ನಂಬಿಕೆಯಿಂದ ಬರೆಯುವ ಬರಹಗಾರ. ಇಬ್ಬರ ನಡುವೆ ನಿಂತು ಆಡಿಸುವ ಒಬ್ಬ ಮಾಸ್ತರ. ಬಳ್ಳಾರಿ ಸೀಮೆಯಲ್ಲಿ ಇದು ನಮ್ಮ ಅಜ್ಜಂದಿರಿಗೂ ಗೊತ್ತಿದ್ದ ಸಂಗತಿ.

ಬಳ್ಳಾರಿ 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಗೆ ಹೋಯಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದು ಮದರಾಸಿನ ಆಡಳಿತದಲ್ಲಿತ್ತು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಓಡಾಡುವ ಊರು. ಇಲ್ಲಿ ನಾಟಕಕ್ಕೆ ಹೊಸ ರೂಪ ಕೊಟ್ಟವರು ವಕೀಲರು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಸರಸ ವಿನೋದಿನೀ ಸಭೆಯನ್ನು ಕಟ್ಟಿದರು. ಕೋಲಾಚಲಂ ಶ್ರೀನಿವಾಸರಾಯರು (1854–1919) ಸುಮನೋರಮಾ ಸಭೆಯನ್ನು ಬೆಳೆಸಿದರು. ಹಗಲು ಕೋರ್ಟು, ರಾತ್ರಿ ತಾಲೀಮು. ಇಬ್ಬರೂ ಹೆಚ್ಚಾಗಿ ಬರೆದದ್ದು ತೆಲುಗಿನಲ್ಲಿ. ಕೋಲಾಚಲಂ ಅವರು ವಿಜಯನಗರದ ಪತನವನ್ನು ಕುರಿತು ಬರೆದ ನಾಟಕದಲ್ಲಿ ಪಠಾಣ್ ರುಸ್ತುಂ ಎಂಬ ಪಾತ್ರವಿದೆ. ಬಳ್ಳಾರಿ ರಾಘವರಿಗೆ (1880–1946) ದೊಡ್ಡ ಹೆಸರು ತಂದ ಪಾತ್ರಗಳಲ್ಲಿ ಅದೂ ಒಂದು. ತಾಡಪತ್ರಿಯಲ್ಲಿ ಹುಟ್ಟಿದ ಒಬ್ಬ ಬ್ರಾಹ್ಮಣ ವಕೀಲರು ಪಠಾಣನಾಗಿ ರಂಗಕ್ಕೆ ಬಂದರೆ ನೋಡಲು ಜನ ಮುಗಿಬೀಳುತ್ತಿದ್ದರು.

ಈ ಸಭೆಗಳ ನಾಟಕಗಳು ಅಚ್ಚಾದವು. ಅಚ್ಚಾದ ಮೇಲೆ ನಾಟಕ ಒಬ್ಬರ ಸೊತ್ತಾಗಿ ಉಳಿಯಲಿಲ್ಲ. ತೆಲುಗಿನಲ್ಲಿ ಚಿಲಕಮರ್ತಿ ಲಕ್ಷ್ಮೀನರಸಿಂಹಂ ಅವರ 'ಗಯೋಪಾಖ್ಯಾನಂ' ಲಕ್ಷ ಪ್ರತಿಗಳವರೆಗೆ ಮಾರಾಟವಾಯಿತೆಂದು ಆ ಸಾಹಿತ್ಯದ ಚರಿತ್ರೆಗಳು ಹೇಳುತ್ತವೆ. ಮನೆಯಲ್ಲಿ ಕುಳಿತು ಓದುವವರಿಗಾಗಿಯೇ ಅಷ್ಟು ಪ್ರತಿಗಳು ಖರ್ಚಾದವೆಂದು ಹೇಳಲಾಗದು. ಕೊಂಡವರಲ್ಲಿ ಬಹಳ ಮಂದಿ ಆಡುವವರು. ಇತ್ತ ಬಳ್ಳಾರಿ ತಾಲ್ಲೂಕಿನ ಜೋಳದರಾಶಿ ದೊಡ್ಡನಗೌಡರಂಥವರು (1910–1994) ಹಳ್ಳಿಯಿಂದ ಬಂದು, ಕನ್ನಡದಲ್ಲಿ ಬರೆದು, ನಟಿಸಿ, ನಗರದ ರಂಗಭೂಮಿಗೂ ಹಳ್ಳಿಯ ಅಟ್ಟಕ್ಕೂ ನಡುವೆ ದಾರಿ ಮಾಡಿದರು.

ಹಳ್ಳಿಗಳಲ್ಲಿ ಅದಕ್ಕೂ ಮೊದಲೇ ಬಯಲಾಟ ಇತ್ತು. ಅದರ ಕಥೆ ಕೈಬರಹದ ಪ್ರತಿಯಲ್ಲಿ ಇರುತ್ತಿತ್ತು. ಭಾಗವತರು ಅದನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಬೇರೆ ಊರಿನವರು ಕೇಳಿದರೆ ಸುಲಭವಾಗಿ ಕೊಡುತ್ತಿರಲಿಲ್ಲ. ಪಾರ್ಸಿ ನಾಟಕ ಕಂಪನಿಗಳದೂ ಇದೇ ರೀತಿ. ಸಂಬಳಕ್ಕಿದ್ದ ಮುನ್ಷಿ ಬರೆದ ನಾಟಕ ಮಾಲೀಕರ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಎದುರಾಳಿ ಕಂಪನಿಗೆ ಸಿಕ್ಕೀತೆಂಬ ಭಯ. ಅಚ್ಚು ಈ ಬೀಗವನ್ನು ಒಡೆಯಿತು. ಲಖನೌದ ಆಗಾ ಹಸನ್ ಅಮಾನತ್ ಅವರು 1850ರ ದಶಕದ ಆರಂಭದಲ್ಲಿ ಬರೆದ 'ಇಂದರ್ ಸಭಾ' ಎಂಬ ಉರ್ದು ನಾಟಕ ಅಚ್ಚಾದದ್ದೇ ತಡ, ಊರಿಂದೂರಿಗೆ, ಲಿಪಿಯಿಂದ ಲಿಪಿಗೆ ಹಾರಿತು. ಮುಸ್ಲಿಂ ಕವಿಯ ಆ ನಾಟಕದಲ್ಲಿ ದರ್ಬಾರು ನಡೆಸುವವನು ದೇವೇಂದ್ರ, ಕುಣಿಯುವವರು ಪರಿಯರು. ಒಬ್ಬರ ದೇವರು ಇನ್ನೊಬ್ಬರ ಭಾಷೆಯಲ್ಲಿ ಹಾಡಿದರೆ ಯಾರಿಗೂ ಅಚ್ಚರಿಯಾಗದ ಕಾಲವದು.

ಆ ಕಾಲದ ಗುರುತು ನಮ್ಮ ಮಾತಿನಲ್ಲಿಯೇ ಉಳಿದಿದೆ. ಆಟದ ಅಭ್ಯಾಸಕ್ಕೆ ನಾವು 'ತಾಲೀಮು' ಎನ್ನುತ್ತೇವೆ. ಅದು ಅರಬ್ಬಿಯ ತಅಲೀಮ್, ಅಂದರೆ ಕಲಿಕೆ. 'ಪರದೆ' ಮತ್ತು 'ಪೋಷಾಕು' ಫಾರಸಿಯಿಂದ ಬಂದವು. ನಗಿಸುವ ಪಾತ್ರ 'ನಕಲಿ'. ಅದರ ಬೇರು ಅರಬ್ಬಿಯ ನಕಲ್. ಮಸೀದಿಯ ಮದರಸಾದಲ್ಲಿ ನಮಗೆ ಹೇಳಿಕೊಡುತ್ತಿದ್ದುದೂ ತಾಲೀಮೇ, ಹನುಮಪ್ಪನ ಗುಡಿಯ ಮುಂದೆ ರಾತ್ರಿ ನಡೆಯುತ್ತಿದ್ದುದೂ ತಾಲೀಮೇ. ನಾನು ಎರಡಕ್ಕೂ ಹೋಗುತ್ತಿದ್ದೆ.

ನಾನು ಕಂಡ ಆಟದ ಪುಸ್ತಕಗಳು ಮೊಳೆ ಅಚ್ಚಿನವು. ನ್ಯೂಸ್‌ಪ್ರಿಂಟ್ ಕಾಗದ, ತೆಳು ರಟ್ಟು, ಮೇಲೆ ಕೆಂಪು ನೀಲಿಯ ಒಂದು ಚಿತ್ರ. ನಮ್ಮ ಕಡೆಗೆ ಹೆಚ್ಚಾಗಿ ಗದಗು, ಹುಬ್ಬಳ್ಳಿಗಳಿಂದ ಬರುತ್ತಿದ್ದವು. ಗದಗಿನ ಶಾಬಾದಿಮಠ ಬುಕ್ ಡಿಪೋದ ಹೆಸರು ಗೊತ್ತಿಲ್ಲದ ನಾಟಕದ ಮಾಸ್ತರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ಗೋಣಿತಾಟಿನ ಮೇಲೆ ಪಂಚಾಂಗ, ಭಜನೆ ಪದ, ಅಡುಗೆ ಪುಸ್ತಕಗಳ ಜೊತೆಗೆ ಇವನ್ನೂ ಹರಡಿಕೊಂಡಿರುತ್ತಿದ್ದರು. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ನಾಟಕಗಳಿಗೆ ಬೇಡಿಕೆ ಜಾಸ್ತಿ. ಅವರ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜಕುಮಾರ್ ನಟಿಸಿದ ಸಿನಿಮಾ ಆಯಿತು. ಸಿನಿಮಾ ಬಂದ ಮೇಲೂ ಹಳ್ಳಿಗಳಲ್ಲಿ ಆ ನಾಟಕ ನಿಲ್ಲಲಿಲ್ಲ.

ಈ ಪುಸ್ತಕಗಳನ್ನು ಬರೆಯುವ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಬರಹಗಾರನ ಕೈಯನ್ನು ಹಳ್ಳಿಯ ಜೇಬು ಹಿಡಿದಿರುತ್ತಿತ್ತು. ಬಾಡಿಗೆಗೆ ಸಿಗುವ ಪರದೆಗಳು ನಾಲ್ಕೈದು: ಅರಮನೆ, ಕಾಡು, ಬೀದಿ, ಮನೆ, ಗುಡಿ. ಕಥೆ ಎಲ್ಲೇ ನಡೆಯಲಿ, ಈ ಐದರೊಳಗೆ ನಡೆಯಬೇಕು. ಹೆಣ್ಣು ಪಾತ್ರ ಎರಡೋ ಮೂರೋ, ಅಷ್ಟೆ. ಏಕೆಂದರೆ ನಟಿಯರನ್ನು ಪಟ್ಟಣದಿಂದ ಸಂಭಾವನೆ ಕೊಟ್ಟು ಕರೆಸಬೇಕು. ಗಂಡು ಪಾತ್ರ ಎಷ್ಟಿದ್ದರೂ ಸರಿಯೆ, ಹೆಚ್ಚಾದಷ್ಟೂ ಒಳ್ಳೆಯದು. ಏಕೆಂದರೆ ಪಾತ್ರ ವಹಿಸುವವರು ತಮ್ಮ ಪಾತ್ರಕ್ಕೆ ತಾವೇ ಹಣ ಹಾಕುತ್ತಿದ್ದರು. ಹಾಡುಗಳ ಮೇಲೆ 'ಧಾಟಿ' ಎಂದು ಬರೆದು ಜನಕ್ಕೆ ಗೊತ್ತಿರುವ ಹಾಡಿನ ಹೆಸರು ಕೊಟ್ಟರೆ ಸಾಕು, ಹಾರ್ಮೋನಿಯಂ ಮಾಸ್ತರ ಮುಂದಿನದನ್ನು ನೋಡಿಕೊಳ್ಳುತ್ತಿದ್ದ. ಅಕ್ಷರ ಬಾರದವನಿಗೂ ಬಾಯಿಪಾಠವಾಗುವಂತೆ ಮಾತು ಪ್ರಾಸದಲ್ಲಿ ಇರಬೇಕಿತ್ತು. ವಿಮರ್ಶಕರು ಇದನ್ನೆಲ್ಲ ಕಂಡು ಮೂಗು ಮುರಿದರು. ಆದರೆ ಬರೆದವನಿಗೆ ತನ್ನ ಪುಸ್ತಕ ಯಾರ ಕೈಗೆ ಹೋಗುತ್ತದೆಂಬುದು ಚೆನ್ನಾಗಿ ಗೊತ್ತಿತ್ತು.

ಕಾನೂನು ಕೂಡ ಈ ಆಟಗಳನ್ನು ಮರೆತಿರಲಿಲ್ಲ. 1867ರ ಕಾಯ್ದೆಯಂತೆ ಅಚ್ಚಾದ ಪ್ರತಿ ಪುಸ್ತಕವೂ ಸರ್ಕಾರದ ಪಟ್ಟಿಗೆ ಸೇರಬೇಕಿತ್ತು: ಹೆಸರು, ಪುಟ, ಬೆಲೆ, ಎಷ್ಟು ಪ್ರತಿ ಎಂಬ ವಿವರಗಳೊಂದಿಗೆ. 1876ರ ನಾಟಕ ಪ್ರದರ್ಶನ ಕಾಯ್ದೆ ಸರ್ಕಾರಕ್ಕೆ ಆಟವನ್ನು ನಿಲ್ಲಿಸುವ ಅಧಿಕಾರ ಕೊಟ್ಟಿತು. ಅದು ರದ್ದಾದದ್ದು ತೀರ ಇತ್ತೀಚೆಗೆ, 2018ರಲ್ಲಿ. ನಮ್ಮೂರಿನಲ್ಲಿ ಅಪ್ಪಣೆ ಕೇಳಲು ಹೋಗುವಾಗ ಪುಸ್ತಕದ ಒಂದು ಪ್ರತಿಯನ್ನೂ ಒಯ್ಯುತ್ತಿದ್ದರು, ಅಚ್ಚಾದದ್ದನ್ನೇ ಆಡುತ್ತೇವೆ ಎನ್ನುವುದಕ್ಕೆ ಸಾಕ್ಷಿಯಾಗಿ. ಇನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಹಳ್ಳಿಯವರ ಪರವಾಗಿಯೇ ಇದೆ. ಹವ್ಯಾಸಿ ಸಂಘದವರು ಟಿಕೆಟ್ಟಿಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅದು ಕವಿಯ ಹಕ್ಕಿಗೆ ಭಂಗವಲ್ಲ ಎಂದು ಅದರಲ್ಲಿದೆ. ಹೀಗಾಗಿ ಬರೆದವರಿಗೆ ಸಿಗುತ್ತಿದ್ದುದು ಪುಸ್ತಕ ಮಾರಿದ ದುಡ್ಡು, ಅಷ್ಟೆ. ಎಷ್ಟು ಊರಲ್ಲಿ ಆಡಿದರೆಂಬುದು ಅವರಿಗೇ ತಿಳಿಯುತ್ತಿರಲಿಲ್ಲ.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತು ಇರುವುದು. ಒಬ್ಬ ಕತೆಗಾರ ನನ್ನಂತೆ ಪತ್ರಿಕೆಗೆ ಕತೆ ಬರೆದು ಒಂದು ಸಮುದಾಯದ ಬಗ್ಗೆ ಹಗುರವಾದ ಮಾತು ಆಡಿದರೆ, ಓದಿದವರು ಪುಟ ತಿರುಗಿಸುತ್ತಾರೆ. ಆಟದ ಪುಸ್ತಕದಲ್ಲಿ ಆ ಮಾತು ಬಂದರೆ ನೂರು ಊರುಗಳಲ್ಲಿ ನೂರು ಬಾಯಿಗಳು ಅದನ್ನು ಎರಡು ತಿಂಗಳು ಬಾಯಿಪಾಠ ಮಾಡುತ್ತವೆ, ಇಡೀ ಊರು ಕುಳಿತು ಕೇಳುತ್ತದೆ. ಬರೆದವನಿಗೆ ಒಂದು ಸಾಲು. ಊರಿಗೆ ಅದೊಂದು ನಡವಳಿಕೆ.

ಕುಮಾರರಾಮನ ಕಥೆಯನ್ನೇ ತೆಗೆದುಕೊಳ್ಳಿ. ಕಂಪಿಲಿ ನಮ್ಮ ಸಿರುಗುಪ್ಪ, ಕುರುಗೋಡುಗಳ ನೆರೆಯ ಊರು. ಈ ಭಾಗದ ಬಯಲಾಟಗಳಲ್ಲಿ ಕುಮಾರರಾಮನಿಗೆ ವಿಶೇಷ ಸ್ಥಾನ. ಮುಗಿಯುವಾಗ ದಿಲ್ಲಿಯ ಸೈನ್ಯ ಬರುತ್ತದೆ, ಮಾತಂಗಿ ಬರುತ್ತಾಳೆ, ವೀರನ ತಲೆ ಉರುಳುತ್ತದೆ. ಸುಮ್ಮನೆ ನೋಡಿದರೆ ಇದು ಹಿಂದೂ ರಾಜನ ಮೇಲೆ ತುರುಕರ ದಾಳಿ. ಆದರೆ ಆ ಸೈನ್ಯ ಬಂದದ್ದೇಕೆ? ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಷಾಸ್ಪ್ ದಂಗೆ ಎದ್ದು, ಸೋತು, ಕಂಪಿಲರಾಯನ ಆಶ್ರಯಕ್ಕೆ ಬಂದ. ರಾಯ ಅವನನ್ನು ಒಪ್ಪಿಸಲಿಲ್ಲ. 1327ರಲ್ಲಿ ರಾಜ್ಯ ನಾಶವಾಯಿತು. ಕೋಟೆ ಉಳಿಯದೆಂದು ಗೊತ್ತಾದಾಗ ರಾಯ ಮೊದಲು ತನ್ನ ಅತಿಥಿಯನ್ನು ಬೇರೊಬ್ಬ ರಾಜನ ಬಳಿಗೆ ಕಳುಹಿಸಿ, ಆಮೇಲೆ ಹೋರಾಡಿ ಸತ್ತ ಎಂದು ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಆ ಇನ್ನೊಬ್ಬ ರಾಜ ಹೊಯ್ಸಳ ಮೂರನೆಯ ಬಲ್ಲಾಳ. ಅವನು ಅತಿಥಿಯನ್ನು ಸುಲ್ತಾನನಿಗೆ ಒಪ್ಪಿಸಿದ. ಕನ್ನಡ ಕಾವ್ಯ ಪರಂಪರೆಯೂ ಇದನ್ನು ಮರೆತಿಲ್ಲ; 16ನೇ ಶತಮಾನದ ನಂಜುಂಡ ಕವಿಯ ಕೃತಿಯಲ್ಲಿ ಆಶ್ರಯ ಕೇಳಿ ಬಂದವನು ಬಹಾದುರನೆಂಬ ಹೆಸರಿನಲ್ಲಿ ಇದ್ದಾನೆ. ಅಂದರೆ ಕಂಪಿಲಿ ಅಳಿದದ್ದು ಒಬ್ಬ ಮುಸಲ್ಮಾನ ಅತಿಥಿಗೆ ಕೊಟ್ಟ ಮಾತಿಗಾಗಿ. ಇದನ್ನು ಬಿಟ್ಟು ಆಡಿದರೆ ಅದೇ ಕಥೆ ಬೇರೆಯದೇ ಕಥೆಯಾಗುತ್ತದೆ.

ಹಗರಿ ಹೊಳೆಯ ದಂಡೆಯ ನಮ್ಮೂರಿಗೆ ಬಂದಿದ್ದ ಪುಸ್ತಕ ಅದನ್ನು ಬಿಟ್ಟಿತ್ತು. ಬಹಾದುರನ ವಿಷಯ ಒಂದೇ ಸಾಲು. ದಿಲ್ಲಿಯ ಸಿಪಾಯಿಗಳಿಗೆ ಮಾತ್ರ ಮುರುಕು ಕನ್ನಡದ, ಬೈಗುಳದ, ನಗಿಸುವ ಮಾತುಗಳು ಎರಡು ಪುಟ. ಎಷ್ಟೋ ವರ್ಷ ಅದನ್ನೇ ಆಡಿದ್ದರು, ನಕ್ಕಿದ್ದರು. ನಮ್ಮವರೂ ನಕ್ಕಿದ್ದರು. ಸುಲ್ತಾನನ ಪಾತ್ರ ಅಕ್ಕಸಾಲಿಗರೊಬ್ಬರದು, ಮಂತ್ರಿ ಬೈಚಪ್ಪನ ಪಾತ್ರ ಪಿಂಜಾರರ ಒಬ್ಬ ಹಿರಿಯರದು. ಆ ಹಿರಿಯರನ್ನು ಊರೆಲ್ಲ ಕರೆಯುತ್ತಿದ್ದುದೇ 'ಮಂತ್ರಿ' ಎಂದು.

1993ರ ಉಗಾದಿಗೆ ಅದೇ ಆಟ ಎಂದು ಗೊತ್ತಾಯಿತು. ಹಿಂದಿನ ಡಿಸೆಂಬರಿನಲ್ಲಿ ಅಯೋಧ್ಯೆಯಲ್ಲಿ ಏನಾಗಿತ್ತೆಂದು ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮೂರಲ್ಲಿ ಗಲಾಟೆ ಆಗಿರಲಿಲ್ಲ. ಆದರೆ ಚಹಾದಂಗಡಿಯಲ್ಲಿ ಮಾತು ಕಡಿಮೆಯಾಗಿತ್ತು. ಮಂತ್ರಿ ಪಾತ್ರದ ಹಿರಿಯರು "ಈ ಸಲ ನಾ ಒಲ್ಲೆ" ಎಂದುಬಿಟ್ಟರು. ಗುಡಿಯ ಕಟ್ಟೆಯ ಮೇಲೆ ಕೂಡಿದವರು "ಈ ವರ್ಷ ಆ ಆಟ ಬ್ಯಾಡ್ರಿ, ಬ್ಯಾರೆ ಯಾವುದಾರ ಆಡೋಣು" ಎಂದರು.

ತಾಲೀಮು ಕೊಡಲು ಬಂದಿದ್ದ ಮಾಸ್ತರು ಕುರುಗೋಡಿನ ಕಡೆಯವರು. ಹಾರ್ಮೋನಿಯಂ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಲ್ಲಿ ಬಂದು ಎರಡು ತಿಂಗಳು ಇರುತ್ತಿದ್ದರು. ದಿನಕ್ಕೊಂದು ಮನೆಯ ಊಟ. ಅವರು ಹೇಳಿದ್ದು ನನಗಿನ್ನೂ ನೆನಪಿದೆ: "ಆಟದ ತಪ್ಪಲ್ರೀ ಇದು. ಪುಸ್ತಕದ ತಪ್ಪು. ಪುಸ್ತಕ ನನಗ ಬಿಡ್ರಿ." ಮರುದಿನ ಸಿಪಾಯಿಗಳ ಎರಡು ಪುಟದ ಮೇಲೆ ನೀಲಿ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದಿದ್ದರು. ನೋಟ್‌ಬುಕ್ಕಿನ ನಾಲ್ಕು ಹಾಳೆಗಳಲ್ಲಿ ಬಹಾದುರ ಬರುವ ದೃಶ್ಯವನ್ನು ಬರೆದು ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿದ್ದರು. ಆ ಪಾತ್ರಕ್ಕೆ ಉರ್ದು ಬರುವವನೊಬ್ಬ ಬೇಕೆಂದು ನಮ್ಮ ಮನೆಗೆ ಬಂದರು. ನನಗಾಗ ಹದಿನಾಲ್ಕು ವರ್ಷ. "ಮಾಸ್ತರ್ರೇ, ಹುಡುಗ ಸಣ್ಣವನು. ಕಾಲ ಸರಿಯಿಲ್ಲ" ಎಂದರು ಅಬ್ಬಾ. "ಕಾಲ ಸರಿಯಿಲ್ಲ ಅಂತನೇ ಕೇಳಾಕ ಬಂದೀನ್ರಿ" ಎಂದರು ಮಾಸ್ತರು. ಅಬ್ಬಾ ಬಹಳ ಹೊತ್ತು ಸುಮ್ಮನಿದ್ದು ಒಪ್ಪಿದರು.

ಉಗಾದಿಯ ರಾತ್ರಿ ಅಟ್ಟದ ಮೇಲೆ ನಿಂತು ನನಗಿದ್ದ ಏಳೆಂಟು ಮಾತು ಹೇಳಿದೆ. ಮೊದಲ ಎರಡು ಉರ್ದುವಿನಲ್ಲಿ, ಉಳಿದವು ಕನ್ನಡದಲ್ಲಿ. ಕಂಪಿಲರಾಯನ ಪಾತ್ರಧಾರಿ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ಬಂದವರನ್ನು ಹೊರಗೆ ಹಾಕುವ ಪದ್ಧತಿ ಈ ಮನೆಯಲ್ಲಿಲ್ಲ ಎಂದ. ಮಾಸ್ತರು ಬರೆದದ್ದು 'ಈ ರಾಜ್ಯದಲ್ಲಿಲ್ಲ' ಎಂದಿತ್ತು. ಅವನು ಬಾಯಿಗೆ ಬಂದಂತೆ 'ಮನೆ' ಎಂದ. ಸಿಳ್ಳೆ ಚಪ್ಪಾಳೆ ಏನೂ ಬೀಳಲಿಲ್ಲ. ಜನ ಸುಮ್ಮನೆ ಕೇಳಿದರು. ಹಿಂದೆ ಸರಿದಾಗ, ಒಲ್ಲೆ ಎಂದಿದ್ದ ನಮ್ಮ 'ಮಂತ್ರಿ' ಪರದೆಯ ಮರೆಯಲ್ಲಿ ಬೈಚಪ್ಪನ ರುಮಾಲು ಸುತ್ತಿಕೊಳ್ಳುತ್ತಿದ್ದುದು ಕಂಡಿತು. ಅವರಿಗೆ ಮಾತೆಲ್ಲ ಮೊದಲೇ ಬಾಯಿಪಾಠವಿತ್ತು.

ಇದರಿಂದ ಊರಿನ ದುಗುಡವೆಲ್ಲ ಕರಗಿತೆಂದು ನಾನು ಹೇಳಲಾರೆ. ನಾಟಕ ಅಷ್ಟು ದೊಡ್ಡ ಔಷಧವಲ್ಲ. ಆದರೆ ಅಚ್ಚಾದ ಮಾತನ್ನು ಒಂದು ಊರು ತಿದ್ದಿಕೊಳ್ಳಬಲ್ಲದು ಎಂಬುದನ್ನು ಅಂದು ಕಂಡೆ. ಬೆಂಗಳೂರಿನ ಹುಡುಗರ ಮೇಜಿನಲ್ಲಿಯೂ ಪುಟ ಹಿಡಿದವನು ಅಲ್ಲಲ್ಲಿ ಕಥೆಯನ್ನು ತನ್ನವರಿಗೆ ತಕ್ಕಂತೆ ತಿರುಗಿಸುತ್ತಾನಂತೆ. ಅವರ ಹಳೆಯ ಕಥೆಗಳಲ್ಲಿ ಕೆಲವು ಜನಾಂಗಗಳು ಹುಟ್ಟಾ ದುಷ್ಟರೆಂದೇ ಬರೆದಿದ್ದರಂತೆ. ಅದು ಸರಿಯೇ ಎಂಬ ಚರ್ಚೆ ಅಲ್ಲಿಯೂ ನಡೆದಿದೆ ಎಂದ ಭಾಂಜಾ. ಮೇಜು ಬೇರೆ, ಅಟ್ಟ ಬೇರೆ, ಪ್ರಶ್ನೆ ಒಂದೇ.

ಈಗ ಅಂಥ ಪುಸ್ತಕಗಳು ಎಲ್ಲಿವೆ? ಆಡಿ ಆಡಿ ಹರಿದವು, ಮಳೆಗೆ ನೆನೆದವು, ರದ್ದಿಗೆ ಹೋದವು. ಕಾದಂಬರಿಗೆ ಗ್ರಂಥಾಲಯದಲ್ಲಿ ಜಾಗವಿದೆ, ಆಟದ ಪುಸ್ತಕ ಸಾಹಿತ್ಯವೇ ಅಲ್ಲವೆಂದು ಬಹಳ ಕಾಲ ತಿಳಿದಿದ್ದೆವು. ಸರ್ಕಾರದ ಹಳೆಯ ಪಟ್ಟಿಗಳಲ್ಲಿ ಹೆಸರು, ಬೆಲೆ ಸಿಕ್ಕಾವು. ನೀಲಿ ಪೆನ್ಸಿಲ್ಲಿನ ಗೆರೆ ಯಾವ ಪಟ್ಟಿಯಲ್ಲೂ ಸಿಗದು. ಅದಿರುವುದು ಆಡಿದ ಪ್ರತಿಯಲ್ಲಿ ಮಾತ್ರ. ನಮ್ಮ ಮಾಸ್ತರು ತೀರಿಕೊಂಡ ಸುದ್ದಿ ತಿಳಿದು ಅವರ ಮನೆಗೆ ಹೋದಾಗ ಟ್ರಂಕಿನ ಪುಸ್ತಕಗಳನ್ನು ತೂಕಕ್ಕೆ ಹಾಕಿ ವರ್ಷವಾಗಿತ್ತು. ಮನೆಯವರನ್ನು ದೂರುವಂತಿಲ್ಲ, ಬೆಲೆಯುಳ್ಳವೆಂದು ಅವರಿಗೆ ಯಾರು ಹೇಳಿದ್ದರು?

ಸಿರುಗುಪ್ಪ, ಕುರುಗೋಡು, ಕಂಪ್ಲಿ ಕಡೆಯ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ನಾಗೊಂದಿಗೆಯಲ್ಲಿ ರಟ್ಟು ಹರಿದ ಆಟದ ಪುಸ್ತಕವಿದ್ದರೆ ಎಸೆಯಬೇಡಿ. ಅಂಚಿನಲ್ಲಿ ಬರೆದದ್ದನ್ನು ಒಮ್ಮೆ ಓದಿ. ಯಾವ ಪಾತ್ರದ ಎದುರು ಯಾರ ಹೆಸರಿದೆ ನೋಡಿ. ನಿಮ್ಮೂರು ಹೇಗಿತ್ತೆಂದು ತಿಳಿಯುತ್ತದೆ.

ನನ್ನ ಬಳಿ ಉಳಿದಿರುವುದು ಒಂದು ಹಾಳೆ ಮಾತ್ರ. ಆಗ ನನಗೆ ಕನ್ನಡಕ್ಕಿಂತ ಉರ್ದು ಬೇಗ ಓದಲು ಬರುತ್ತಿತ್ತೆಂದು, ಬಹಾದುರನ ಮಾತುಗಳನ್ನು ಅಬ್ಬಾ ಉರ್ದು ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಭಾಷೆ ಕನ್ನಡ, ಲಿಪಿ ಉರ್ದು, ಕಥೆ ಕಂಪಿಲರಾಯನದು. ಮೊನ್ನೆ ಭಾಂಜಾನಿಗೆ ಅದನ್ನು ತೋರಿಸಿದೆ. ಅವನಿಗೆ ಉರ್ದು ಓದಲು ಬಾರದು. "ಮಾಮು, ನೀವೇ ಓದಿ, ನಾನು ಕಂಪಿಲರಾಯನ ಮಾತು ಹೇಳ್ತೀನಿ" ಎಂದು ಎದುರು ಕುಳಿತ.